ಫೈಲ್‌ಗಳಿಗೆ ಬೀಗ ಹಾಕುವ ರಾನ್ಸಮ್‌ವೇರ್: ಪದೇ ಪದೇ ಕೇಳುವ ಪ್ರಶ್ನೆಗಳು

ರಾನ್ಸಮ್‌ವೇರ್ ಅಂದರೆ ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳುವ ಪ್ರೋಗ್ರಾಂ. ಇಲ್ಲಿರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಗಾಬರಿಯಲ್ಲಿ ಕೇಳಿದವು. ನಿಮ್ಮ ಕಂಪ್ಯೂಟರ್‌ನಲ್ಲಿ ಈಗಲೇ ಫೈಲ್‌ಗಳ ಹೆಸರು ಬದಲಾಗುತ್ತಿದ್ದರೆ ಮೊದಲ ಉತ್ತರವನ್ನಷ್ಟೇ ಓದಿ, ಹೇಳಿದ್ದು ಮಾಡಿ ಬನ್ನಿ. ಮಿಕ್ಕದ್ದು ಆಮೇಲೆ.

ಈಗಷ್ಟೇ ಗೊತ್ತಾಯ್ತು. ಮೊದಲು ಏನು ಮಾಡಲಿ?

ನೆಟ್ ಕತ್ತರಿಸಿ. ಕೇಬಲ್ ಇದ್ದರೆ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತಕ್ಷಣ ಎಳೆಯಿರಿ. ಬೇರೆ ಸಮಯದಲ್ಲಿ ಹಾಗೆ ಎಳೆಯಬಾರದು, ನಿಜ. ಆದರೆ ಇಲ್ಲಿ ಒಂದೊಂದು ಸೆಕೆಂಡಿಗೂ ಹತ್ತಾರು ಫೈಲ್ ಹೋಗುತ್ತಿರುತ್ತವೆ. ಅದೇ ನೆಟ್‌ವರ್ಕ್‌ನಲ್ಲಿ ಬೇರೆ ಕಂಪ್ಯೂಟರ್ ಇದ್ದರೆ ಅವುಗಳ ಕೇಬಲ್ ಕೂಡ ತೆಗೆಯಿರಿ.

ಆಫ್ ಮಾಡಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ಕಣ್ಣೆದುರೇ ಫೈಲ್‌ಗಳು ಬದಲಾಗುತ್ತಿದ್ದರೆ ನಿಲ್ಲಿಸಲೇಬೇಕು. ಹೈಬರ್ನೇಟ್ ಆಯ್ಕೆ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ಪವರ್ ಬಟನ್ ಅದುಮಿ ಹಿಡಿದು ಆರಿಸಿ. ಎಲ್ಲ ಮುಗಿದು ಹಣ ಕೇಳುವ ಚೀಟಿ ಬಂದಾಗಿದೆ ಅಂದರೆ ಆರಿಸುವ ಅವಸರ ಇಲ್ಲ. ನೆಟ್ ಇಲ್ಲದೆ ಹಾಗೇ ಇರಲಿ. ಮೆಮೊರಿಯಲ್ಲಿ ಬೀಗ ತೆಗೆಯುವ ಕೀಲಿಯ ಚೂರು ಉಳಿದಿರುವುದುಂಟು. 2017ರ ವಾನ್ನಾಕ್ರೈ ದಾಳಿಯಲ್ಲಿ, ಹಳೆಯ ವಿಂಡೋಸ್ ಇದ್ದು ರೀಸ್ಟಾರ್ಟ್ ಆಗದೆ ಉಳಿದಿದ್ದ ಕೆಲವು ಕಂಪ್ಯೂಟರ್‌ಗಳ ಫೈಲ್‌ಗಳನ್ನು ಹೀಗೇ ಬಿಡಿಸಲು ಸಾಧ್ಯವಾಯಿತು.

ಆಮೇಲೆ ಫೋನ್ ತೆಗೆದು ಸ್ಕ್ರೀನಿನ ಫೋಟೋ ಹೊಡೆಯಿರಿ. ಚೀಟಿಯಲ್ಲಿರುವ ಇಮೇಲ್ ವಿಳಾಸ, ಐಡಿ ಸಂಖ್ಯೆ ಎಲ್ಲ ಸರಿಯಾಗಿ ಕಾಣಲಿ.

ಸದ್ಯಕ್ಕೆ ಏನನ್ನೂ ಡಿಲೀಟ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಕ್ಲೀನರ್ ಓಡಿಸಬೇಡಿ. ಬ್ಯಾಕಪ್ ಡಿಸ್ಕ್ ಚೆನ್ನಾಗಿದೆಯಾ ನೋಡೋಣ ಅಂತ ಇದೇ ಕಂಪ್ಯೂಟರ್‌ಗೆ ಸಿಕ್ಕಿಸಲೇಬೇಡಿ. ಒಂದಾದರೂ ಉಳಿದಿತ್ತು ಅನ್ನುವ ಬ್ಯಾಕಪ್ ಈ ಒಂದು ಆತುರದಲ್ಲೇ ಹೋದದ್ದನ್ನು ನಾನು ನೋಡಿದ್ದೇನೆ.

ಇದು ರಾನ್ಸಮ್‌ವೇರೇ ಅಂತ ಹೇಗೆ ಗೊತ್ತಾಗುತ್ತದೆ?

ಸಾಮಾನ್ಯವಾಗಿ ಅದೇ ಹೇಳಿಕೊಳ್ಳುತ್ತದೆ. ದುಡ್ಡು ಕೇಳುವುದೇ ಅದರ ಕೆಲಸ ಅಲ್ವಾ? ಆದರೆ ಚೀಟಿ ಕಣ್ಣಿಗೆ ಬೀಳುವ ಮೊದಲೇ ಫೋಲ್ಡರ್ ನೋಡಿದರೆ ಗೊತ್ತಾಗುತ್ತದೆ. ಫೋಟೋಗಳ ಪುಟ್ಟ ಚಿತ್ರಗಳೆಲ್ಲ ಮಾಯವಾಗಿ ಖಾಲಿ ಬಿಳಿ ಹಾಳೆಯ ಐಕಾನ್ ಬಂದಿರುತ್ತದೆ. ‘ಪ್ರವಾಸ 014.ಜೆಪಿಜಿ’ ಅಂತಿದ್ದ ಹೆಸರಿಗೆ ಇನ್ನೊಂದು ಬಾಲ ಅಂಟಿಕೊಂಡಿರುತ್ತದೆ. ನಾಲ್ಕೈದು ಅಕ್ಷರ, ಅರ್ಥವಿಲ್ಲದ್ದು. ಬದಲಾದ ಸಮಯ ತೋರಿಸುವ ಕಾಲಂ ನೋಡಿ. ಐದು ವರ್ಷದಿಂದ ಮುಟ್ಟದ ಫೈಲ್‌ಗಳೆಲ್ಲ ಇವತ್ತು ಸಂಜೆ 7:42, 7:42, 7:43 ಅಂತ ತೋರಿಸುತ್ತವೆ. ಪ್ರತಿ ಫೋಲ್ಡರ್‌ನಲ್ಲೂ ಒಂದೇ ಹೆಸರಿನ ಟೆಕ್ಸ್ಟ್ ಫೈಲ್ ಕೂತಿರುತ್ತದೆ, ಹೆಚ್ಚಾಗಿ ‘ರೀಡ್‌ಮಿ’ ಅನ್ನುವ ಥರದ ಹೆಸರು.

ಇದರ ನಕಲಿಯೂ ಒಂದಿದೆ. ಬ್ರೌಸರ್ ಇದ್ದಕ್ಕಿದ್ದಂತೆ ಪೂರ್ತಿ ಸ್ಕ್ರೀನ್ ಆವರಿಸಿ, ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರ್‌ಗೆ ಫೋನ್ ಮಾಡಿ’ ಅಂತ ಕಿರುಚುತ್ತದೆ. ಅದು ಬರೀ ವೆಬ್ ಪುಟ. ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿ, ಯಾವುದಾದರೂ ಫೋಟೋ ತೆರೆದು ನೋಡಿ. ತೆರೆದರೆ ನಿಮ್ಮ ಫೈಲ್‌ಗಳಿಗೆ ಏನೂ ಆಗಿಲ್ಲ. ಆ ನಂಬರ್‌ಗೆ ಮಾತ್ರ ಫೋನ್ ಮಾಡಬೇಡಿ.

ಇದೇನು ಹೊಸ ಕಾಯಿಲೆಯಾ?

ಇಲ್ಲ, ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ ಇತ್ತು. 1989ರಲ್ಲಿ ಏಡ್ಸ್ ಕುರಿತ ಮಾಹಿತಿ ಇದೆ ಎಂದು ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಲಾಗಿತ್ತು. ಕಂಪ್ಯೂಟರನ್ನು ಸುಮಾರು 90 ಸಲ ಆನ್ ಮಾಡಿದ ಮೇಲೆ ಅದು ಫೈಲ್‌ಗಳ ಹೆಸರುಗಳನ್ನು ಕಲಸಿಹಾಕಿ, ಪನಾಮಾದ ಒಂದು ಅಂಚೆ ಪೆಟ್ಟಿಗೆಗೆ 189 ಡಾಲರ್ ಕಳಿಸಿ ಎನ್ನುತ್ತಿತ್ತು. ಬೀಗ ಹಾಕಲು, ತೆಗೆಯಲು ಎರಡಕ್ಕೂ ಒಂದೇ ಕೀಲಿ. ಆ ಕೀಲಿ ಪ್ರೋಗ್ರಾಂ ಒಳಗೇ ಇತ್ತು, ಹಾಗಾಗಿ ಬೇಗ ಬಿಡಿಸಿದರು. 2013ರ ಸೆಪ್ಟೆಂಬರ್‌ನಲ್ಲಿ ಕ್ರಿಪ್ಟೋಲಾಕರ್ ಬಂದಾಗ ಆ ದಡ್ಡತನ ಇರಲಿಲ್ಲ. ಹಣ ಇಸಿದುಕೊಳ್ಳಲು ಬಿಟ್‌ಕಾಯಿನ್ ಕೂಡ ಸಿಕ್ಕಿತ್ತು. ಇವತ್ತಿನ ದಂಧೆಯ ಅಚ್ಚು ಅಲ್ಲಿಂದ ಬಂದದ್ದು.

ಬೀಗ ಅಂದರೆ ನಿಜಕ್ಕೂ ಏನಾಗುತ್ತದೆ? ಬಲ್ಲವರು ಯಾಕೆ ಒಡೆಯಲಾರರು?

ಅಂಚೆ ಪೆಟ್ಟಿಗೆ ನೆನಪಿಸಿಕೊಳ್ಳಿ. ಅದರೊಳಗೆ ಯಾರು ಬೇಕಾದರೂ ಕಾಗದ ಹಾಕಬಹುದು. ತೆಗೆಯುವುದು ಮಾತ್ರ ಕೀಲಿ ಇದ್ದವರ ಕೈಯಲ್ಲಿದೆ.

ರಾನ್ಸಮ್‌ವೇರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಎಇಎಸ್ ಥರದ ವೇಗದ ವಿಧಾನದಿಂದ ಫೈಲನ್ನು ಕಲಸುತ್ತದೆ. ಇದಕ್ಕೆ ಬಳಸುವ ಕೀಲಿ ನಿಮ್ಮ ಕಂಪ್ಯೂಟರ್‌ನಲ್ಲೇ ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಆ ಕೀಲಿಯನ್ನೇ ಆರ್‌ಎಸ್‌ಎ ಥರದ ಇನ್ನೊಂದು ವಿಧಾನದಿಂದ ಮುಚ್ಚಿ, ಮೂಲವನ್ನು ಅಳಿಸುತ್ತದೆ. ಅಂದರೆ ಕೀಲಿಯನ್ನು ಅಂಚೆ ಪೆಟ್ಟಿಗೆಗೆ ಹಾಕಿದ ಹಾಗೆ. ಪೆಟ್ಟಿಗೆ ನಿಮ್ಮ ಮುಂದೆಯೇ ಇದೆ, ತೆಗೆಯುವ ಕೀಲಿ ಕಳ್ಳರ ಸರ್ವರ್‌ನಲ್ಲಿದೆ. ಇದು ಬ್ಯಾಂಕುಗಳೂ ನಂಬುವ ಗಣಿತ. ಸರಿಯಾಗಿ ಬರೆದಿದ್ದರೆ ಜಗತ್ತಿನ ಕಂಪ್ಯೂಟರ್‌ಗಳನ್ನೆಲ್ಲ ಒಟ್ಟಿಗೆ ಕೂರಿಸಿದರೂ ಊಹಿಸಿ ಬಿಡಿಸಲು ಆಗುವುದಿಲ್ಲ.

ಆದರೆ ಕಳ್ಳರೆಲ್ಲ ಜಾಣರಲ್ಲ. ಕೆಲವರು ಕೋಡ್ ಬರೆಯುವಾಗ ಎಡವುತ್ತಾರೆ, ಕೆಲವರು ಪೊಲೀಸರಿಗೆ ಸಿಕ್ಕಿಬೀಳುತ್ತಾರೆ. ಉಚಿತವಾಗಿ ಬಿಡಿಸುವ ಟೂಲ್‌ಗಳಲ್ಲಿ ಹೆಚ್ಚಿನವು ಬಂದಿರುವುದು ಈ ದಾರಿಗಳಿಂದಲೇ.

ನನ್ನ ಕಂಪ್ಯೂಟರ್‌ಗೆ ಇದು ಹೇಗೆ ಬಂತು?

ಮನೆಯ ಕಂಪ್ಯೂಟರ್ ಆದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇತ್ತೀಚೆಗೆ ಯಾವುದಾದರೂ ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿದಿರಾ? ಸ್ವಲ್ಪ ಹೊತ್ತು ಮೌನ. ಆಮೇಲೆ ‘ಹೌದು, ಆದರೆ ಅದರಿಂದ ಅಲ್ಲ ಅನ್ಸುತ್ತೆ’ ಅನ್ನುವ ಉತ್ತರ. ಹೆಚ್ಚಿನ ಸಲ ಅದರಿಂದಲೇ.

ಅದು ನಡೆಯುವ ರೀತಿ ಹೀಗೆ. ದುಬಾರಿ ಸಾಫ್ಟ್‌ವೇರ್ ಹೆಸರಿನ ಜೊತೆ ‘ಕ್ರ್ಯಾಕ್’ ಅಂತ ಹುಡುಕುತ್ತೀರಿ. ಮೂರು ಡೌನ್‌ಲೋಡ್ ಬಟನ್ ಇರುವ ಸೈಟ್ ಸಿಗುತ್ತದೆ. ಬಂದ ಜಿಪ್ ಫೈಲಿಗೆ ಪಾಸ್‌ವರ್ಡ್ ಇರುತ್ತದೆ. ಆ ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿರುತ್ತದೆ, 1234 ಅಂತ. ಎಲ್ಲರಿಗೂ ಕಾಣುವ ಹಾಗೆ ಬರೆದ ಮೇಲೆ ಪಾಸ್‌ವರ್ಡ್ ಯಾಕೆ ಅಂತ ಯಾರೂ ಯೋಚಿಸುವುದಿಲ್ಲ. ಅದು ಇರುವುದು ಆಂಟಿವೈರಸ್ ಒಳಗೆ ಇಣುಕದಂತೆ ತಡೆಯಲು. ಜೊತೆಗೆ ಒಂದು ಸೂಚನೆ: ‘ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ, ಅದು ಸುಮ್ನೆ ಎಚ್ಚರಿಕೆ ಕೊಡುತ್ತದೆ.’ ನೀವು ಆಫ್ ಮಾಡುತ್ತೀರಿ. ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆಗೆದ ಹಾಗಾಯಿತು. ಸ್ಟಾಪ್ ಡಿಜೆವಿಯು ಅನ್ನುವ ರಾನ್ಸಮ್‌ವೇರ್ ಮನೆ ಬಳಕೆದಾರರನ್ನು ಹಿಡಿದದ್ದು ಹೆಚ್ಚಾಗಿ ಹೀಗೆಯೇ. ಅದರ ಹಲವು ರೂಪಗಳು ‘ವಿಂಡೋಸ್ ಅಪ್‌ಡೇಟ್ ಆಗುತ್ತಿದೆ’ ಎಂಬ ಸುಳ್ಳು ಕಿಟಕಿಯನ್ನೂ ತೋರಿಸುತ್ತಿದ್ದವು. ಡಿಸ್ಕ್ ಗರಗರ ಅನ್ನುತ್ತಿದ್ದರೂ ಅಪ್‌ಡೇಟ್ ಇರಬೇಕು ಅಂದುಕೊಂಡು ಜನ ಕಾಯುತ್ತಾ ಕೂರುತ್ತಿದ್ದರು.

ಎರಡನೆಯದು ಇಮೇಲ್. ಬಿಲ್, ಕೊರಿಯರ್, ಉದ್ಯೋಗದ ಅರ್ಜಿ ಹೀಗೆ ಏನೋ ಒಂದು ನೆಪ. ಅಟ್ಯಾಚ್‌ಮೆಂಟ್ ಹೆಸರು ‘ಬಿಲ್.ಪಿಡಿಎಫ್’ ಅಂತ ಕಾಣುತ್ತದೆ, ಐಕಾನ್ ಕೂಡ ಪಿಡಿಎಫ್‌ನದೇ. ನಿಜವಾದ ಹೆಸರು ‘ಬಿಲ್.ಪಿಡಿಎಫ್.ಇಎಕ್ಸ್‌ಇ’. ಕೊನೆಯ ತುಂಡನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನುವುದಕ್ಕೆ ಟಿಕ್ ಹಾಕಿ. ಹತ್ತು ಸೆಕೆಂಡಿನ ಕೆಲಸ.

ವರ್ಡ್ ಫೈಲ್‌ಗಳ ಮ್ಯಾಕ್ರೋ, ಅಂದರೆ ಫೈಲಿನ ಒಳಗೇ ಇರುವ ಪುಟ್ಟ ಪ್ರೋಗ್ರಾಂ, ಇನ್ನೊಂದು ದಾರಿ. 2016ರ ಲಾಕಿ ಎಂಬ ರಾನ್ಸಮ್‌ವೇರ್ ಇದರಲ್ಲಿ ಪಳಗಿತ್ತು. ಫೈಲ್ ತೆರೆದರೆ ಬರೀ ಅಡ್ಡಾದಿಡ್ಡಿ ಅಕ್ಷರ. ಮೇಲೆ ಒಂದು ಸಾಲು: ಅಕ್ಷರ ಸರಿಯಾಗಿ ಕಾಣದಿದ್ದರೆ ಮ್ಯಾಕ್ರೋ ಆನ್ ಮಾಡಿ. ಫಾಂಟ್ ತೊಂದರೆ ಇರಬೇಕು ಅಂದುಕೊಂಡು ಜನ ಆನ್ ಮಾಡಿಬಿಡುತ್ತಿದ್ದರು. ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯಲು ಶುರುಮಾಡಿತು. ಕಳ್ಳರು ಐಎಸ್‌ಒ ಫೈಲ್, ಶಾರ್ಟ್‌ಕಟ್ ಫೈಲ್, ಒನ್‌ನೋಟ್ ಫೈಲ್‌ಗಳ ಕಡೆ ತಿರುಗಿದರು.

ಓದುತ್ತಿರುವ ಪುಟದ ಮಧ್ಯೆ ‘ನಿಮ್ಮ ಬ್ರೌಸರ್ ಹಳೆಯದಾಗಿದೆ’ ಎಂದು ಹಾರಿ ಬರುವ ಕಿಟಕಿಯೂ ಇದೇ ಬಳಗ. ಬ್ರೌಸರ್ ತನ್ನ ಅಪ್‌ಡೇಟನ್ನು ಯಾವುದೋ ವೆಬ್‌ಸೈಟಿನ ಪುಟದಲ್ಲಿ ಕೇಳುವುದಿಲ್ಲ.

ನಾನು ಏನನ್ನೂ ಕ್ಲಿಕ್ ಮಾಡಿಲ್ಲ. ಆದರೂ ಬಂತಲ್ಲ?

ಬರಬಹುದು. ವಾನ್ನಾಕ್ರೈ ಹಾಗೇ ಬಂದದ್ದು. 2017ರ ಮೇ 12ರಂದು ಶುರುವಾಗಿ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹಬ್ಬಿತು. ಫೈಲ್ ಹಂಚಿಕೊಳ್ಳಲು ವಿಂಡೋಸ್ ಬಳಸುವ ಎಸ್‌ಎಂಬಿ ವ್ಯವಸ್ಥೆಯ ಹಳೆಯ ಆವೃತ್ತಿಯಲ್ಲಿ ಒಂದು ತೂತು ಇತ್ತು. ಅದರ ಮೂಲಕ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನಾಗಿಯೇ ತೆವಳಿತು. ಯಾರೂ ಏನನ್ನೂ ತೆರೆಯಬೇಕಿರಲಿಲ್ಲ. ಹೊಟ್ಟೆ ಉರಿಯುವ ವಿಷಯ ಏನೆಂದರೆ, ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ಎರಡು ತಿಂಗಳು ಅದು ‘ಆಮೇಲೆ ನೆನಪಿಸು’ ಬಟನ್ ಹಿಂದೆ ಕೂತಿತ್ತು.

ಇನ್ನೊಂದು ಆರ್‌ಡಿಪಿ. ದೂರದಿಂದ ಕಂಪ್ಯೂಟರ್ ನಡೆಸಲು ಕೊಡುವ ಸೌಲಭ್ಯ ಇದು. ಇದನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟರೆ ಕಳ್ಳರ ಪ್ರೋಗ್ರಾಂಗಳು ಹಗಲುರಾತ್ರಿ ಪಾಸ್‌ವರ್ಡ್ ಊಹಿಸುತ್ತಾ ಇರುತ್ತವೆ. ಒಂದು ದಿನ ಸರಿಯಾದದ್ದು ಸಿಗುತ್ತದೆ. ಆಮೇಲೆ ಬರುವವನು ಮನುಷ್ಯ. ಒಳಗೆ ಕೂತು ಆಂಟಿವೈರಸ್ ತೆಗೆಯುತ್ತಾನೆ, ಬ್ಯಾಕಪ್ ಎಲ್ಲಿದೆ ಹುಡುಕುತ್ತಾನೆ, ಯಾರೂ ಇಲ್ಲದ ವಾರಾಂತ್ಯದ ರಾತ್ರಿ ನೋಡಿ ಬೀಗ ಹಾಕುತ್ತಾನೆ. ಸಣ್ಣ ಕಚೇರಿಗಳು ಹೆಚ್ಚಾಗಿ ಏಟು ತಿನ್ನುವುದು ಇಲ್ಲೇ. 2021ರ ಮೇ ತಿಂಗಳಲ್ಲಿ ಅಮೆರಿಕದ ತೈಲ ಸಾಗಿಸುವ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ ನುಗ್ಗಿದ್ದು ಆರ್‌ಡಿಪಿಯಿಂದಲ್ಲ. ಬಳಕೆಯಲ್ಲೇ ಇರದ ಒಂದು ವಿಪಿಎನ್ ಖಾತೆಯ, ಅಂದರೆ ಹೊರಗಿನಿಂದ ಕಂಪನಿಯ ನೆಟ್‌ವರ್ಕ್ ಸೇರಲು ಕೊಟ್ಟ ಖಾತೆಯ, ಪಾಸ್‌ವರ್ಡ್ ಸೋರಿಹೋಗಿತ್ತು, ಒಟಿಪಿಯಂಥ ಎರಡನೇ ಕಾವಲು ಅದಕ್ಕೆ ಇರಲಿಲ್ಲ, ಅಷ್ಟೇ.

ಆಂಟಿವೈರಸ್ ಇತ್ತಲ್ಲ, ಯಾಕೆ ಹಿಡಿಯಲಿಲ್ಲ?

ಹೊಸ ರೂಪ ಇರಬಹುದು. ನೀವೇ ಆಫ್ ಮಾಡಿರಬಹುದು. ಒಳಗೆ ಬಂದವನು ಮೊದಲು ಅದನ್ನೇ ತೆಗೆದಿರಬಹುದು. ಹಾಗಂತ ಅದು ದಂಡ ಅಲ್ಲ, ದಿನಾ ಬರುವ ಹಳೆಯ ಮಾಲನ್ನು ಹಿಡಿಯುತ್ತಲೇ ಇರುತ್ತದೆ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸರಿ, ಈಗ ಇದನ್ನು ತೆಗೆಯುವುದು ಹೇಗೆ?

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ರಾನ್ಸಮ್‌ವೇರ್ ತೆಗೆಯುವುದು ಒಂದು ಕೆಲಸ, ಫೈಲ್‌ಗಳನ್ನು ವಾಪಸ್ ಪಡೆಯುವುದು ಇನ್ನೊಂದು ಕೆಲಸ. ಕಳ್ಳನನ್ನು ಮನೆಯಿಂದ ಓಡಿಸಿದ ಮಾತ್ರಕ್ಕೆ ಅವನು ಹಾಕಿದ ಬೀಗ ತೆರೆದುಕೊಳ್ಳುವುದಿಲ್ಲ. ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಗೊಂದಲ ಈ ಎರಡನ್ನು ಕಲಸಿಕೊಂಡದ್ದರಿಂದ ಹುಟ್ಟಿದ್ದು.

ಮೊದಲು ಬೀಗ ಬಿದ್ದ ಫೈಲ್‌ಗಳನ್ನು ಹಾಗೇ ನಕಲು ಮಾಡಿ ಇಟ್ಟುಕೊಳ್ಳಿ. ಡಿಸ್ಕನ್ನೇ ಬಿಚ್ಚಿ ಪಕ್ಕಕ್ಕಿಟ್ಟು ಹೊಸ ಡಿಸ್ಕ್ ಹಾಕಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಖಾಲಿ ಎಕ್ಸ್‌ಟರ್ನಲ್ ಡಿಸ್ಕ್ ಒಂದಕ್ಕೆ ಫೈಲ್‌ಗಳು ಮತ್ತು ಹಣ ಕೇಳಿದ ಚೀಟಿ ಎರಡನ್ನೂ ಕಾಪಿ ಮಾಡಿ. ಈ ಕೆಲಸವನ್ನು ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮಾಡಿದರೆ ಒಳಗಿನ ರಾನ್ಸಮ್‌ವೇರ್ ಓಡುವ ಪ್ರಶ್ನೆಯೇ ಇರುವುದಿಲ್ಲ.

ಆಮೇಲೆ ಸ್ಕ್ಯಾನ್. ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಅದಾದ ಮೇಲೆ ಬೇರೆ ಕಂಪನಿಯ ಸ್ಕ್ಯಾನರ್ ಒಂದನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿ ತಂದು ಓಡಿಸಿ. ಎರಡನೆಯ ಕಣ್ಣು ಇದ್ದರೆ ಒಳ್ಳೆಯದು. ಟಾಸ್ಕ್ ಶೆಡ್ಯೂಲರ್ ಮತ್ತು ಸ್ಟಾರ್ಟಪ್ ಪಟ್ಟಿ ನೋಡಿ. ಡಿಜೆವಿಯು ತನ್ನದೇ ಒಂದು ನಕಲನ್ನು ಅಲ್ಲಿ ಕೂರಿಸಿ, ಮತ್ತೆ ಮತ್ತೆ ಓಡಿ, ನೀವು ಹೊಸದಾಗಿ ಹಾಕಿದ ಫೈಲ್‌ಗಳಿಗೂ ಬೀಗ ಹಾಕುತ್ತದೆ. ಯಾವ ಸೈಟ್ ಯಾವ ವಿಳಾಸದಲ್ಲಿದೆ ಎಂದು ವಿಂಡೋಸ್ ಮೊದಲು ನೋಡುವ ಹೋಸ್ಟ್ಸ್ ಫೈಲನ್ನು ತಿದ್ದಿ ಆಂಟಿವೈರಸ್ ಸೈಟ್‌ಗಳು ತೆರೆಯದಂತೆ ಮಾಡುವ ಚಾಳಿಯೂ ಅದಕ್ಕಿದೆ. ಸಹಾಯ ಹುಡುಕಲು ಹೋದರೆ ಸೈಟೇ ತೆರೆಯುತ್ತಿಲ್ಲ ಅನ್ನುವವರು ಅದನ್ನೊಮ್ಮೆ ನೋಡಿ.

ಇಷ್ಟೆಲ್ಲ ಮಾಡಿದರೂ ನನ್ನ ಸಲಹೆ ಬೇರೆಯೇ: ಫೈಲ್‌ಗಳ ನಕಲು ಭದ್ರವಾದ ಮೇಲೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಒಳಗೆ ಇನ್ನೇನು ಬಿಟ್ಟುಹೋಗಿದ್ದಾನೋ ಯಾರು ಬಲ್ಲರು? ಅರ್ಧ ದಿನದ ಕೆಲಸ, ನೆಮ್ಮದಿಯ ನಿದ್ದೆ.

ಹೆಸರಿನ ಕೊನೆಯ ಬಾಲ ಅಳಿಸಿದರೆ ಫೈಲ್ ಸರಿ ಹೋಗುವುದಿಲ್ಲವೇ?

ಇಲ್ಲ. ಒಳಗಿರುವುದೇ ಬದಲಾಗಿದೆ.

ಉಚಿತವಾಗಿ ಬಿಡಿಸುವ ಟೂಲ್ ಇದೆಯಂತೆ. ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮನ್ನು ಹಿಡಿದದ್ದು ಯಾವ ಜಾತಿ ಅಂತ ಗೊತ್ತಾಗಬೇಕು. ಐಡಿ ರಾನ್ಸಮ್‌ವೇರ್ ಅನ್ನುವ ಸೈಟ್‌ಗೆ ಚೀಟಿ ಮತ್ತು ಬೀಗ ಬಿದ್ದ ಒಂದು ಫೈಲ್ ಕೊಟ್ಟರೆ ಅದು ಗುರುತಿಸುತ್ತದೆ. ನೋ ಮೋರ್ ರಾನ್ಸಮ್ ಎಂಬ ಇನ್ನೊಂದು ಸೈಟ್ ಇದೆ. 2016ರ ಜುಲೈನಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರುಮಾಡಿದ್ದು. ಅಲ್ಲಿ ಗುರುತಿಸುವ ಸೌಲಭ್ಯವೂ ಇದೆ, ಬಿಡಿಸುವ ಟೂಲ್‌ಗಳೂ ಇವೆ, ಎಲ್ಲ ಉಚಿತ. ಗುಟ್ಟಿನ ಕಾಗದಪತ್ರಗಳನ್ನು ಅಪ್‌ಲೋಡ್ ಮಾಡಬೇಡಿ. ಯಾವುದೋ ಒಂದು ಸಾಧಾರಣ ಫೋಟೋ ಸಾಕು.

ಯಾವ ಟೂಲನ್ನೇ ಓಡಿಸಿ, ನಕಲಿನ ಮೇಲೆ ಓಡಿಸಿ. ಬೇರೆ ಜಾತಿಗೆ ಮಾಡಿದ ಟೂಲ್ ಓಡಿಸಿದರೆ ಫೈಲ್ ಇನ್ನೂ ಕೆಟ್ಟು, ಮುಂದೆ ಸರಿಯಾದ ಕೀಲಿ ಸಿಕ್ಕರೂ ತೆರೆಯದ ಹಾಗೆ ಆಗಬಹುದು. ‘ಎಲ್ಲ ರಾನ್ಸಮ್‌ವೇರ್‌ಗೂ ಒಂದೇ ಟೂಲ್’ ಅಂತ ವಿಡಿಯೋದಲ್ಲಿ ತೋರಿಸುವ ಡೌನ್‌ಲೋಡ್ ಲಿಂಕ್‌ಗಳಿವೆಯಲ್ಲ, ಅವನ್ನು ಮುಟ್ಟಬೇಡಿ. ಬಿಡಿಸುವ ಟೂಲಿನ ವೇಷದಲ್ಲಿ ಬಂದು ಎರಡನೇ ಬೀಗ ಹಾಕಿಹೋಗುವ ರಾನ್ಸಮ್‌ವೇರ್ ಕೂಡ ಇದೆ.

ಡಿಜೆವಿಯು ಅಂತ ಗೊತ್ತಾಯ್ತು. ‘ಆನ್‌ಲೈನ್ ಕೀಲಿ, ಆಫ್‌ಲೈನ್ ಕೀಲಿ’ ಅಂತಾರೆ, ಏನದು?

ಬೀಗ ಹಾಕುವ ಮೊದಲು ಡಿಜೆವಿಯು ತನ್ನ ಸರ್ವರ್‌ಗೆ ಕರೆ ಮಾಡುತ್ತದೆ. ಸಿಕ್ಕರೆ ನಿಮಗೊಬ್ಬರಿಗೇ ಅಂತ ಬೇರೆ ಕೀಲಿ ತರುತ್ತದೆ, ಅದು ಆನ್‌ಲೈನ್ ಕೀಲಿ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇಟ್ಟುಕೊಂಡು ಬಂದಿರುವ ಕೀಲಿ ಬಳಸುತ್ತದೆ, ಅದು ಆಫ್‌ಲೈನ್. ಆ ರೂಪಕ್ಕೆ ಸಿಕ್ಕ ಎಲ್ಲರಿಗೂ ಆಫ್‌ಲೈನ್ ಕೀಲಿ ಒಂದೇ. ಹಾಗಾಗಿ ಅದು ಒಮ್ಮೆ ಹೊರಬಿದ್ದರೆ ಎಲ್ಲರ ಫೈಲೂ ತೆರೆಯುತ್ತದೆ. ಚೀಟಿಯಲ್ಲಿರುವ ವೈಯಕ್ತಿಕ ಐಡಿ ‘ಟಿ1’ ಅಂತ ಮುಗಿದರೆ ಆಫ್‌ಲೈನ್ ಎಂದು ಅರ್ಥ. ಎಂಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಇದಕ್ಕೆ ಉಚಿತ ಟೂಲ್ ಬಿಟ್ಟಿತು. 2019ರ ಆಗಸ್ಟ್ ಕೊನೆಗಿಂತ ಹಿಂದಿನ ಹಲವು ರೂಪಗಳಿಗೆ ಅದು ಕೆಲಸ ಮಾಡುತ್ತದೆ. ಆಮೇಲಿನವುಗಳಲ್ಲಿ ಆಫ್‌ಲೈನ್ ಕೀಲಿ ಸಿಕ್ಕಿರುವವಕ್ಕೆ ಮಾತ್ರ.

ಆನ್‌ಲೈನ್ ಕೀಲಿ ಬಿದ್ದಿದ್ದರೂ ಪೂರ್ತಿ ಕೈ ಚೆಲ್ಲಬೇಡಿ. ಡಿಜೆವಿಯು ಅವಸರಗಾರ. ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿ ಮಾತ್ರ ಕಲಸಿ ಮುಂದಿನದಕ್ಕೆ ಓಡುತ್ತದೆ. ಚಿಕ್ಕ ವರ್ಡ್ ಫೈಲಿಗೆ ಅಷ್ಟು ಸಾಕು, ಅದು ಹೋಯಿತು. ಆದರೆ 2 ಜಿಬಿಯ ವಿಡಿಯೋದಲ್ಲಿ 150 ಕೆಬಿ ಅಂದರೆ ಏನು? ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ನಿಮ್ಮ ಬಳಿ ಇದ್ದರೆ ಅದನ್ನು ಮಾದರಿಯಾಗಿ ಕೊಟ್ಟು, ಹಾಳಾದ ವಿಡಿಯೋದ ತಲೆಯನ್ನು ಮತ್ತೆ ಕಟ್ಟುವ ರಿಪೇರಿ ಟೂಲ್‌ಗಳಿವೆ. ಮೊದಲ ಕೆಲವು ಕ್ಷಣ ಹೋಗಬಹುದು, ಮಿಕ್ಕದ್ದು ಓಡುತ್ತದೆ. ದೊಡ್ಡ ಜಿಪ್ ಫೈಲ್‌ಗಳಲ್ಲೂ ಒಳಗಿನ ಮೊದಲ ಒಂದೆರಡು ಫೈಲ್ ಬಿಟ್ಟು ಉಳಿದವು ಸಿಗುವುದುಂಟು.

ಡಿಲೀಟ್ ಆದ ಫೈಲ್ ಹುಡುಕುವ ರಿಕವರಿ ಸಾಫ್ಟ್‌ವೇರ್ ಪ್ರಯೋಜನಕ್ಕೆ ಬರುತ್ತದಾ?

ಕೆಲವೊಮ್ಮೆ. ಕೆಲವು ರಾನ್ಸಮ್‌ವೇರ್ ಬೀಗ ಹಾಕಿದ ಹೊಸ ಪ್ರತಿ ಬರೆದು ಹಳೆಯದನ್ನು ಡಿಲೀಟ್ ಮಾಡುತ್ತವೆ. ಹಳೆಯ ಥರದ ತಿರುಗುವ ಹಾರ್ಡ್ ಡಿಸ್ಕ್ ಆದರೆ ಆ ಹಳೆಯ ಪ್ರತಿ ಸಿಗಬಹುದು. ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ, ಡಿಲೀಟ್ ಆದ ಜಾಗವನ್ನು ಅದು ತಾನೇ ಬೇಗ ಒರೆಸಿಬಿಡುತ್ತದೆ. ವಿಂಡೋಸ್ ಇಟ್ಟುಕೊಳ್ಳುವ ಶ್ಯಾಡೋ ಕಾಪಿ, ಅಂದರೆ ಹಿಂದಿನ ಆವೃತ್ತಿಗಳನ್ನೂ ನೋಡಿ. ಆದರೆ ವಿಎಸ್‌ಎಸ್‌ಅಡ್ಮಿನ್ ಎಂಬ ವಿಂಡೋಸಿನದೇ ಕಮಾಂಡ್ ಬಳಸಿ ಅವನ್ನೆಲ್ಲ ಮೊದಲೇ ಅಳಿಸುವುದು ಕಳ್ಳರಿಗೆ ಅಭ್ಯಾಸ.

ನನ್ನ ಫೈಲ್‌ಗಳು ಕ್ಲೌಡ್‌ನಲ್ಲಿವೆ. ನಿಶ್ಚಿಂತೆ ಅಲ್ವಾ?

ಸಿಂಕ್ ಬೇರೆ, ಬ್ಯಾಕಪ್ ಬೇರೆ. ಕಂಪ್ಯೂಟರ್‌ನಲ್ಲಿ ಬದಲಾದದ್ದು ಕ್ಲೌಡ್‌ನಲ್ಲೂ ಬದಲಾಗುವುದೇ ಸಿಂಕ್. ಬೀಗ ಬಿದ್ದ ಫೈಲ್ ಕೂಡ ನಿಷ್ಠೆಯಿಂದ ಮೇಲೆ ಹೋಗುತ್ತದೆ. ಆದರೆ ಒನ್‌ಡ್ರೈವ್, ಗೂಗಲ್ ಡ್ರೈವ್ ಎರಡೂ ಹಳೆಯ ಆವೃತ್ತಿಗಳನ್ನು ಕೆಲ ಕಾಲ ಇಟ್ಟುಕೊಳ್ಳುತ್ತವೆ, ಸಾಮಾನ್ಯವಾಗಿ 30 ದಿನ. ಹಣ ಕೊಟ್ಟು ಬಳಸುವ ಒನ್‌ಡ್ರೈವ್ ಖಾತೆಯಲ್ಲಿ ಇಡೀ ಸಂಗ್ರಹವನ್ನು ಹಿಂದಿನ ಒಂದು ದಿನಕ್ಕೆ ತಿರುಗಿಸುವ ಬಟನ್ನೇ ಇದೆ. ಬೇರೆ ಕಂಪ್ಯೂಟರ್‌ನ ಬ್ರೌಸರ್‌ನಿಂದ ಲಾಗಿನ್ ಆಗಿ ನೋಡಿ. ಲೆಕ್ಕ ದಿನಗಳದ್ದು, ನಾಳೆ ನಾಡಿದ್ದು ಅನ್ನಬೇಡಿ.

ಹಣ ಕೊಟ್ಟುಬಿಟ್ಟರೆ?

ಕೊಡಬೇಡಿ ಅನ್ನುವುದು ಸುಲಭ. ಹತ್ತು ವರ್ಷದ ಫೋಟೋ, ಬರೆಯುತ್ತಿದ್ದ ಪ್ರಬಂಧ, ಅಂಗಡಿಯ ಲೆಕ್ಕ ಹೋದವರ ಮುಂದೆ ನಿಂತು ಹೇಳುವುದು ಕಷ್ಟ. ಆದರೂ ನನ್ನ ಉತ್ತರ ಕೊಡಬೇಡಿ ಅಂತಲೇ.

ಕೊಟ್ಟವರಲ್ಲಿ ಕೆಲವರಿಗೆ ಕೀಲಿ ಸಿಕ್ಕಿದೆ, ಸುಳ್ಳು ಹೇಳುವುದಿಲ್ಲ. ಕೆಲವರಿಗೆ ಸಿಕ್ಕಿಲ್ಲ, ಕೆಲವರ ಹತ್ತಿರ ಇನ್ನಷ್ಟು ಕೇಳಿದ್ದಾರೆ. 2017ರ ಜೂನ್ 27ರ ನಾಟ್‌ಪೆಟ್ಯಾ ದಾಳಿಯಲ್ಲಂತೂ ಹಣ ಕೇಳಿದ್ದೇ ನಾಟಕ. ಪರದೆಯ ಮೇಲೆ ತೋರಿಸುತ್ತಿದ್ದ ಐಡಿ ಸುಮ್ಮನೆ ಹುಟ್ಟಿಸಿದ ಅಕ್ಷರಗಳು. ಅದರಿಂದ ಕೀಲಿ ಕೊಡಲು ಕಳ್ಳರಿಗೇ ಆಗುತ್ತಿರಲಿಲ್ಲ. ಕಲೋನಿಯಲ್ ಪೈಪ್‌ಲೈನ್ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಸಿಕ್ಕ ಟೂಲ್ ಎಷ್ಟು ನಿಧಾನ ಇತ್ತೆಂದರೆ ಕಂಪನಿ ತನ್ನ ಬ್ಯಾಕಪ್‌ಗಳನ್ನೇ ನೆಚ್ಚಿಕೊಳ್ಳಬೇಕಾಯಿತು.

ಚೀಟಿಯಲ್ಲಿ ಅವಸರಪಡಿಸುತ್ತಾರೆ. ಡಿಜೆವಿಯು 980 ಡಾಲರ್ ಕೇಳಿ, 72 ಗಂಟೆಯೊಳಗೆ ಬಂದರೆ ಅರ್ಧಕ್ಕೆ, 490ಕ್ಕೆ, ಎನ್ನುತ್ತಿತ್ತು. ವಾನ್ನಾಕ್ರೈ 300 ಡಾಲರ್ ಕೇಳಿ ಮೂರು ದಿನದ ಮೇಲೆ 600 ಎನ್ನುತ್ತಿತ್ತು. ಆ ಗಡಿಯಾರ ಇರುವುದು ನಿಮ್ಮ ತಲೆ ಓಡದಂತೆ ಮಾಡಲು. ಅದು ಮುಗಿಯುವ ಮೊದಲು ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡಿ. ನಾಳೆ ಸರ್ವರ್ ಅವರ ಕೈಗೆ ಸಿಕ್ಕರೆ ದೂರು ಕೊಟ್ಟವರು ಯಾರು ಅಂತ ದಾಖಲೆಯಲ್ಲಿ ಇರುತ್ತದೆ.

‘ನೂರಕ್ಕೆ ನೂರು ಬಿಡಿಸಿಕೊಡುತ್ತೇವೆ’ ಅನ್ನುವವರನ್ನು ನಂಬಬಹುದಾ?

ಕೀಲಿ ಇಲ್ಲದೆ ಬಿಡಿಸಲಾಗದ್ದನ್ನು ಇವರು ಹೇಗೆ ಬಿಡಿಸುತ್ತಾರೆ? ಕೆಲವರು ಒಳಗೊಳಗೇ ಕಳ್ಳರಿಗೆ ಹಣ ಕೊಟ್ಟು ಅದರ ಮೇಲೆ ತಮ್ಮದನ್ನು ಸೇರಿಸಿ ನಿಮ್ಮ ಹತ್ತಿರ ವಸೂಲಿ ಮಾಡುತ್ತಾರೆ. ಕೆಲವರು ಮುಂಗಡ ಇಸಿದುಕೊಂಡು ಫೋನ್ ಎತ್ತುವುದಿಲ್ಲ. ಯಾವ ವಿಧಾನ ಅಂತ ಕೇಳಿ. ‘ಅದು ಗುಟ್ಟು’ ಅಂದರೆ ಎದ್ದು ಬನ್ನಿ.

ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕಾ?

ಬೇಕು, ಬೇರೆ ಕಂಪ್ಯೂಟರ್‌ನಿಂದ. ಡಿಜೆವಿಯು ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಬರುವುದು ಮಾಮೂಲಿ. ಬ್ರೌಸರ್‌ನಲ್ಲಿ ಉಳಿಸಿಟ್ಟದ್ದೆಲ್ಲ ಹೋಗಿದೆ ಅಂತಲೇ ಲೆಕ್ಕ ಹಾಕಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು.

ಕಚೇರಿ ಆದರೆ ಇನ್ನೂ ಒಂದು ತಲೆನೋವು. 2019ರ ಕೊನೆಯಲ್ಲಿ ಮೇಜ್ ಎಂಬ ತಂಡ ಬೀಗ ಹಾಕುವ ಮೊದಲು ಫೈಲ್‌ಗಳನ್ನು ಕದ್ದೊಯ್ದು, ಹಣ ಕೊಡದಿದ್ದರೆ ಎಲ್ಲರಿಗೂ ಕಾಣುವಂತೆ ಹಾಕುತ್ತೇವೆ ಎಂದು ಹೆದರಿಸಲು ಶುರುಮಾಡಿತು. ಉಳಿದವರೂ ಕಲಿತರು. ಬ್ಯಾಕಪ್ ಇದ್ದರೂ ಈ ಬೆದರಿಕೆಗೆ ಅದು ಮದ್ದಲ್ಲ.

ನನ್ನದು ಮ್ಯಾಕ್, ಲಿನಕ್ಸ್. ನನಗೇನೂ ಆಗಲ್ಲ ಅಲ್ವಾ?

ಕಡಿಮೆ, ಆದರೆ ಇಲ್ಲ ಅನ್ನುವ ಹಾಗಿಲ್ಲ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ಪ್ರೋಗ್ರಾಂನ ಅಧಿಕೃತ ಸೈಟಿಗೇ ನುಗ್ಗಿ, ಅಲ್ಲಿಂದಲೇ ಕೀರೇಂಜರ್ ಎಂಬ ಮ್ಯಾಕ್ ರಾನ್ಸಮ್‌ವೇರ್ ಹಂಚಿದ್ದರು. 2017ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಒಂದು ವೆಬ್ ಹೋಸ್ಟಿಂಗ್ ಕಂಪನಿಯ 153 ಲಿನಕ್ಸ್ ಸರ್ವರ್‌ಗಳಿಗೆ ಬೀಗ ಬಿತ್ತು.

ಮತ್ತೆ ಹೀಗಾಗದಂತೆ ಬ್ಯಾಕಪ್ ಹೇಗೆ ಇಡಲಿ?

ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ ಅನ್ನುವ 3-2-1 ಸೂತ್ರ ಕೇಳಿರುತ್ತೀರಿ. ಅದಕ್ಕೆ ನಾನು ಸೇರಿಸುವುದು ಒಂದೇ: ಒಂದು ಪ್ರತಿಯ ವೈರ್ ಬಿಚ್ಚಿರಲಿ. ನನ್ನ ಕೈಗೆ ಬಂದ ಒಂದು ಲ್ಯಾಪ್‌ಟಾಪ್‌ಗೆ ಪ್ರತಿ ರಾತ್ರಿ ತಾನಾಗಿಯೇ ಬ್ಯಾಕಪ್ ಆಗುವ ವ್ಯವಸ್ಥೆ ಇತ್ತು. ಅಚ್ಚುಕಟ್ಟಾದ ಮನುಷ್ಯ, ಒಂದು ದಿನವೂ ತಪ್ಪಿಸಿರಲಿಲ್ಲ. ಡಿಸ್ಕ್ ಮಾತ್ರ ಸದಾ ಸಿಕ್ಕಿಸಿಯೇ ಇತ್ತು. ಎರಡೂ ಕಡೆ ಒಂದೇ ಬಾಲದ ಫೈಲ್‌ಗಳು.

ವಾರಕ್ಕೊಮ್ಮೆ ಸಿಕ್ಕಿಸಿ, ಕಾಪಿ ಮಾಡಿ, ಬಿಚ್ಚಿ ಬೀರುವಿನಲ್ಲಿಡಿ. ಆಗಾಗ ಅದರಿಂದ ಒಂದು ಫೈಲ್ ತೆರೆದು ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಸೌಲಭ್ಯವೂ ಇದೆ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಫೋಲ್ಡರ್‌ಗಳಲ್ಲಿ ಬರೆಯದಂತೆ ತಡೆಯುತ್ತದೆ. ಶುರುವಿನಲ್ಲಿ ಕೆಲವು ಒಳ್ಳೆಯ ಪ್ರೋಗ್ರಾಂಗಳನ್ನೂ ತಡೆದು ಕಿರಿಕಿರಿ ಮಾಡುತ್ತದೆ. ಒಂದೊಂದಾಗಿ ಒಪ್ಪಿಗೆ ಕೊಡುತ್ತಾ ಹೋಗಿ.

ಬೀಗ ಬಿದ್ದ ಫೈಲ್‌ಗಳನ್ನು ಎಷ್ಟು ದಿನ ಇಟ್ಟುಕೊಂಡಿರಲಿ?

ಜಾಗ ಇರುವಷ್ಟು ದಿನ. ಕ್ರಿಪ್ಟೋಲಾಕರ್‌ನ ಕೀಲಿಗಳು 2014ರ ಆಗಸ್ಟ್‌ನಲ್ಲಿ ಹೊರಬಂದವು, ದಾಳಿ ಶುರುವಾಗಿ ಸುಮಾರು ಒಂದು ವರ್ಷಕ್ಕೆ. ಟೆಸ್ಲಾಕ್ರಿಪ್ಟ್ ತಂಡ 2016ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚುತ್ತಿದ್ದಾಗ, ಈಸೆಟ್ ಕಂಪನಿಯ ಸಂಶೋಧಕರೊಬ್ಬರು ‘ಮಾಸ್ಟರ್ ಕೀಲಿ ಕೊಡುತ್ತೀರಾ’ ಅಂತ ಕೇಳಿದರು. ಕಳ್ಳರು ಕ್ಷಮೆ ಕೇಳಿ ಕೊಟ್ಟೇಬಿಟ್ಟರು! ಗ್ಯಾಂಡ್‌ಕ್ರಾಬ್ ಎಂಬ ಇನ್ನೊಂದರ ಕೊನೆಯ ರೂಪಗಳಿಗೂ 2019ರಲ್ಲಿ ಟೂಲ್ ಸಿಕ್ಕಿತು.

ನಾನೇ ಒಮ್ಮೆ ಗೆಳೆಯರೊಬ್ಬರ ಡಿಸ್ಕ್ ನೋಡಿ ‘ಇದು ಆಗದ ಕೆಲಸ’ ಅಂದು ಫಾರ್ಮ್ಯಾಟ್ ಮಾಡಿಕೊಟ್ಟಿದ್ದೆ. ಕೆಲವು ತಿಂಗಳ ನಂತರ ಅದೇ ಜಾತಿಗೆ ಉಚಿತ ಟೂಲ್ ಬಂತು. ಅವರಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಆ ಮೇಲಿಂದ ನನ್ನ ಮೇಜಿನ ಖಾನೆಯಲ್ಲಿ ಚೀಟಿ ಅಂಟಿಸಿದ ಡಿಸ್ಕ್‌ಗಳಿವೆ: ರಾನ್ಸಮ್‌ವೇರ್ ಹೆಸರು, ಬಾಲದ ಅಕ್ಷರ, ತಾರೀಕು. ಮೂರು ತಿಂಗಳಿಗೊಮ್ಮೆ ನೋ ಮೋರ್ ರಾನ್ಸಮ್ ತೆರೆದು ಪಟ್ಟಿ ನೋಡುತ್ತೇನೆ.